ಬೀಳದ ರಾಯಚೂರು

ನಮ್ಮವರ ಹೆಸರು ಶಾರಿಕ್, ಊರು ರಾಯಚೂರು, ಕೆಲಸ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೋ ಗೇಮ್ ಕಂಪನಿಯಲ್ಲಿ. ೨೦೧೬ರಲ್ಲಿ ಅವರ ಕೈಗೆ ಒಂದು ಯುದ್ಧ ಬಂತು. ಕೃಷ್ಣೆ, ತುಂಗಭದ್ರೆಯರ ನಡುವಿನ ಗಡಿನಾಡಿಗಾಗಿ ವಿಜಯನಗರದವರೂ ಬಿಜಾಪುರದವರೂ ೧೫೨೦ರಲ್ಲಿ ಕಾದಾಡಿದ ರಾಯಚೂರಿನ ಯುದ್ಧ. ಆಡುವವನು ವಿಜಯನಗರದ ದಂಡನಾಯಕ. ಬಿಜಾಪುರದವರ ಕೈಯಲ್ಲಿರುವ ಕೋಟೆಯನ್ನು ಅವನು ಗೆಲ್ಲಬೇಕು. ನಮ್ಮವರು ಎಂಟು ತಿಂಗಳು ಕೂತು ಆ ಕೋಟೆಯನ್ನೂ ಅದರೊಳಗಿನ ಊರು, ಪೇಟೆಯನ್ನೂ ಕಟ್ಟಿದರು.

ಆಫೀಸಿನ ಹತ್ತು ಜನ ಆಡಿ ನೋಡಿದರು, ಹತ್ತೂ ಜನ ಗೋಡೆಯ ಹೊರಗೇ ಸತ್ತರು. ಸೋಮವಾರದೊಳಗೆ ಕೋಟೆ ಬೀಳುವಂತಾಗದಿದ್ದರೆ ರಾಯಚೂರನ್ನೇ ಗೇಮಿನಿಂದ ತೆಗೆದುಹಾಕುತ್ತೇವೆ ಎಂದರು ಮೇಲಿನವರು. ನಮ್ಮವರು ಊಟ ಬಿಟ್ಟರು. ನಾನು ನಾಬಿಲಾ, ವಿಜಯಪುರದವಳು. ಅಂದು ಸೋತಿದ್ದ ನಮ್ಮ ಕಡೆಯವರು ಐನೂರು ವರ್ಷದ ಮೇಲೆ ಗೆದ್ದರಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದು ಸುಳ್ಳಲ್ಲ. ಆದರೆ ಗಂಡನ ಮುಖ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಶನಿವಾರ ನಾನು ಕೆಲಸ ಮಾಡುವ ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನಾನೇ ಆಡಲು ಕೂತೆ. ನಮ್ಮ ಮನೆಮಾತು ದಖನಿ, ಜಗಳ ಮಾತ್ರ ಕನ್ನಡದಲ್ಲಿ. ಹನ್ನೊಂದು ಸಲ ಸತ್ತ ಮೇಲೆ ಕನ್ನಡಕ್ಕೆ ಇಳಿದೆ.

"ಒಂದು ಕಲ್ಲೂ ಸಡಿಲ ಇಲ್ಲಲ್ರೀ. ನಾ ಮದುವಿಯಾಗಿ ಬಂದಾಗ ನೋಡೇನಿ, ನಿಮ್ಮೂರ ಕ್ವಾಟಿ ಗ್ವಾಡಿ ಎಷ್ಟು ಕಡೆ ಬಾಯಿ ಬಿಟ್ಟೈತಿ."

"ಅದನ್ನ ಈ ಮಂದಿಗೆ ತೋರಿಸ್ಬೇಕೇನು?"

ಅಲ್ಲಿಗೆ ರೋಗ ಪತ್ತೆಯಾಯಿತು. ನೆಂಟರು ಬರುತ್ತಾರೆಂದರೆ ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕುವ ಜನ ನಾವು. ಇವರು ಇಂಗ್ಲಿಷರು ನೋಡುತ್ತಾರೆಂದು ಇಡೀ ಕೋಟೆಗೇ ಗಾರೆ ಬಳಿದು ಕೂತಿದ್ದರು.

ರಾಯಚೂರಿಗೆ ಫೋನ್ ಹಚ್ಚಿ ನಮ್ಮ ಅತ್ತೆ ಕಮರ್ ಅವರಿಗೆ ಎಲ್ಲ ಹೇಳಿ, ಇವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಅವರೂ ಬೈಯುವುದು ಕನ್ನಡದಲ್ಲೇ.

"ಶಾರಿಕ್, ಸಾಲಿ ತಪ್ಪಿಸಿ ಪತಂಗ ಹಾರ್ಸಾಕ ಕ್ವಾಟಿಗೆ ಹೋಗುವಾಗ ಯಾವ ಬಾಗಿಲಿಂದ ಹೋಗ್ತಿದ್ದಿ? ಕಲ್ಲು ಸರದಿದ್ದ ಸಂದ್ಯಾಗ ನುಸುಳಿ ಚಡ್ಡಿ ಹರಕೊಂಡು ಬರ್ತಿದ್ದಿ. ಹೊಲಿದು ಹೊಲಿದು ನನಗ ಸಾಕಾಗಿತ್ತು."

ನಮ್ಮವರು ತಲೆ ಕೆರೆದುಕೊಂಡರು. ಆಮೇಲೆ ಕೂತು ಹಿಂದಿನ ಗೋಡೆಯಲ್ಲಿ ನಾಲ್ಕು ಕಲ್ಲು ಸಡಿಲ ಮಾಡಿದರು, ಒಂದೊಂದಕ್ಕೂ ನಿಟ್ಟುಸಿರು ಬಿಡುತ್ತ. ಹಲ್ಲು ಕೀಳಿಸಿಕೊಳ್ಳುವವರೂ ಅಷ್ಟು ಸಂಕಟಪಡುವುದಿಲ್ಲ.

ಸೋಮವಾರ ಸಂಜೆ ಬಾಗಿಲಲ್ಲೇ ಸುದ್ದಿ ಹೇಳಿದರು. ಹತ್ತರಲ್ಲಿ ಆರು ಜನ ಒಳಗೆ ನುಗ್ಗಿದರಂತೆ, ರಾಯಚೂರು ಗೇಮಿನಲ್ಲಿ ಉಳಿಯಿತಂತೆ. ನಾನು ಕುಣಿದೆ. ಅವರು ಶೂ ಕೂಡ ಬಿಚ್ಚದೆ ತಾಯಿಗೆ ಫೋನ್ ಮಾಡಿದರು.

"ಊರು ಬಿತ್ತು, ಅಮ್ಮೀ."

"ಬೀಳ್ಲಿ ಬಿಡು. ಒಳಗ ಬಂದೋರು ಊರು ನೋಡಿದ್ರೇನು?"

"ಆಫೀಸಿನ್ಯಾಗ ಲೀಡ್ಸ್ ಕಡೆಯಾಂವ ಒಬ್ಬ ಅದಾನ. ಗೆದ್ದ ಮ್ಯಾಲೂ ಎದ್ದು ಹೋಗ್ಲಿಲ್ಲ. ಒಂದು ತಾಸು ಪ್ಯಾಟಿಯೊಳಗ ತಿರುಗಿದ, ಅಂಗಡಿ ಅಂಗಡಿಗೂ ನಿಂತು ನೋಡಿದ."

ಇದನ್ನು ಹೇಳುವಾಗ ನಮ್ಮವರ ಮುಖ ಅರಳಿತು. ಎಂಟು ತಿಂಗಳಿಂದ ಆ ಪೇಟೆಯನ್ನು ನೋಡಿದವರು ಅದನ್ನು ಕಟ್ಟಿದ ಇವರೊಬ್ಬರೇ ಎಂದು ಆಗ ನನಗೆ ಹೊಳೆಯಿತು.