ಅಂಜನಾಬಾಯಿಯ ಬಳೆಗಾರ್ತಿ

ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಲೋಕ ಬೇಕಾದಷ್ಟು ಕಂಡಿದೆ. ಬಳೆಗಾರ್ತಿಯ ಸಲುವಾಗಿ ಹೊಟ್ಟೆಕಿಚ್ಚು ಪಟ್ಟವಳೆಂದರೆ ಭಾಲ್ಕಿಯ ಅಂಜನಾಬಾಯಿ ಒಬ್ಬಳೇ ಇರಬೇಕು.

ಕಾರಣ ಒಂದು ಫೋಟೊ. ಔರಾದಕ್ಕೆ ಕೊಟ್ಟ ಮಗಳು ಸಪನಾ ಅದನ್ನು ಮೊಬೈಲಿಗೆ ಕಳಿಸಿ, ಬೆನ್ನಿಗೇ ಫೋನನ್ನೂ ಮಾಡಿದಳು.

“ಅವ್ವಾ, ನಮ್ಮ ಖುರ್ಷಿದ ಖಾಲಾನ ಫೋಟೊ ಔರಾದತನಕ ಬಂದದ. ಎದುರಿಗಿ ಕುಂತಾಕಿ ಯಾರು? ನೀ ಹೋಗಿದ್ದಿಲ್ಲೇನು?”

ಖುರ್ಷಿದ ಬೇಗಂ ಭಾಲ್ಕಿಯ ಬಜಾರಿನಲ್ಲಿ ಬಳೆಯ ಅಂಗಡಿ ಇಟ್ಟವಳು. ಮೆರವಣಿಗೆಯೊಂದರ ಜಗಳ ದೊಡ್ಡದಾಗಿ, ಮುಸಲ್ಮಾನರ ಅಂಗಡಿಯಲ್ಲಿ ಏನನ್ನೂ ಕೊಳ್ಳಬೇಡಿ ಎಂಬ ಮೆಸೇಜು ಊರಲ್ಲಿ ಹರಿದಾಡಿದ ಮೇಲೆ ಅವಳ ಅಂಗಡಿಯತ್ತ ಯಾರೂ ಸುಳಿದಿರಲಿಲ್ಲ. ಆಗ ಬೀದರಿನ ನೌಬಾದದಿಂದ ಇಲ್ಲಿಯ ಕಾಲೇಜಿಗೆ ಪಾಠ ಹೇಳಲು ಬರುವ ವಿಶಾಖಾ ಎಂಬ ಹುಡುಗಿ, ಎಲ್ಲರೂ ನೋಡುತ್ತಿರುವಂತೆಯೇ ಖುರ್ಷಿದಳ ಎದುರು ಕೂತು ಎರಡೂ ಕೈ ತುಂಬ ಬಳೆ ಇಡಿಸಿಕೊಂಡಳು. ‘ನಾನು ಇವರ ಜೊತೆ’ ಎಂದು ಬರೆದು ಫೋಟೊ ಹಾಕಿದಳು. ಜಿಲ್ಲೆಯೆಲ್ಲ ಶಾಬ್ಬಾಸ್ ಎಂದಿತು.

ಅಂಜನಾಬಾಯಿ ಅನ್ನಲಿಲ್ಲ. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆ ಹುಡುಗಿಯ ಕೈ ಖುರ್ಷಿದಳ ತೊಡೆಯ ಮೇಲಿತ್ತು. ಅಲ್ಲಿ ಇರಬೇಕಾದದ್ದು ತನ್ನ ಕೈ! ಭಾತಂಬ್ರಾದಿಂದ ಸೊಸೆಯಾಗಿ ಬಂದಾಗಿನಿಂದ ಈ ಕೈಗೆ ಬೇರೆ ಯಾರೂ ಬಳೆ ಇಟ್ಟಿಲ್ಲ. ಬಸುರಿ ಸಪನಾಳ ಕುಬಸಕ್ಕೆ ಹಸಿರು ಬಳೆ ಹೊತ್ತು ಔರಾದದವರೆಗೂ ಬಂದವಳು ಖುರ್ಷಿದ. ಅಂಥ ನಂಟಿಗೆ ಈಗ ಇವಳೊಬ್ಬಳು ಅಡ್ಡ ಬಂದಳಲ್ಲ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

“ಬಳಿ ಇಡಿಸ್ಕೊಂಡ ಮ್ಯಾಲ ಇಟ್ಟಾಕಿಗಿ ಕೈ ಮುಗೀಬೇಕನ್ನೋದೂ ಗೊತ್ತಿಲ್ಲ ಇದಕ್ಕ. ಹಲ್ಲು ಕಿಸದು ಕುಂತದ,” ಎಂದು ಗೊಣಗಿದಳು.

ಮಗಳ ಪ್ರಶ್ನೆಗೆ ಮಾತ್ರ “ಒಲಿ ಮ್ಯಾಲ ಹಾಲದ,” ಎಂದು ಫೋನಿಟ್ಟಳು. ಅಂಜನಾಬಾಯಿ ಖುರ್ಷಿದಳ ಅಂಗಡಿಗೆ ಹೋಗಿರಲಿಲ್ಲ. “ಗದ್ದಲ ಆರೋತನಕ ಆ ಕಡಿ ಹಾಯಬ್ಯಾಡ,” ಎಂದು ಗಂಡ ಗೋರಖನಾಥ ಹೇಳಿದ್ದ. ಹೇಳಿದವನು ಅವನು, ಸದ್ಯ ಪಾರಾದೆ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟವಳು ಇವಳು.

ಮರುದಿನ ಗಂಡನ ಮಾತು ಗಾಳಿಗೆ ಹೋಯಿತು. ಮಗಳ ಮದುವೆಯಲ್ಲಿ ಉಟ್ಟ ಸೀರೆಯನ್ನೇ ಉಟ್ಟು, ವಿಡಿಯೊ ತೆಗೆಯಲು ನೆರೆಮನೆಯ ಹೀರಾಬಾಯಿಯನ್ನು ಎಳೆದುಕೊಂಡು ಬಜಾರಿಗೆ ನಡೆದಳು. ಅಂಗಡಿಯ ಮುಂದೆ ಕೂತು, ಎದುರು ಸಾಲಿನವರಿಗೂ ಕೇಳುವ ಹಾಗೆ ಕೂಗಿದಳು: “ಖುರ್ಷಿದ ಆಪಾ, ಇಡು ಬಳಿ! ಯಾರ ಏನಂತಾರ ನೋಡೇ ಬಿಡ್ತೇನಿ!”

ಖುರ್ಷಿದ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳ ಬುಡ ಒತ್ತಿ ಬಳೆ ಏರಿಸಿದಳು. ಚಟ್ಟೆಂದು ಒಡೆಯಿತು. ಇನ್ನೊಂದನ್ನು ಏರಿಸಿದಳು, ಅದೂ ಒಡೆಯಿತು.

“ಕೈ ಸಡ್ಲ ಬಿಡು, ಅಂಜನಾ. ಯಾರ ಸಂಗಾಟ ಜಗಳಾಡ್ಲಾಕ ಬಂದಿದಿ?”

ಅಂಜನಾಬಾಯಿಗೆ ಇನ್ನು ತಡೆಯಲಾಗಲಿಲ್ಲ. “ಖರೇ ಹೇಳು ಆಪಾ. ನಿನಗ ಹೆಚ್ಚಿನಾಕಿ ನಾನೋ, ಫೋಟೊ ತೆಗಸ್ಕೊಂಡು ಹೋದಾಕೀನೋ?”

“ಅರೇ, ಇದು ಕೇಳೂ ಮಾತೇನು? ನೀನೇ.”

ಅಂಜನಾಬಾಯಿಯ ಮುಖ ಅರಳಿತು. ಹೀರಾಬಾಯಿ ಅದನ್ನು ಸರಿಯಾಗಿ ತೆಗೆದಳೋ ಇಲ್ಲವೋ ಎಂದು ತಿರುಗಿ ನೋಡಿದಳು. ಖುರ್ಷಿದ ಸೀರೆಯ ಮೇಲಿನ ಚೂರುಗಳನ್ನು ಆರಿಸುತ್ತ ಮೆಲ್ಲಗೆ ಮುಂದುವರಿಸಿದಳು.

“ಅದಕ್ಕೇ ಅಷ್ಟೂ ದಿನಾ ನಿನ್ನ ದಾರಿ ನೋಡ್ದೆ. ಯಾರ ಸೆರಗ ಕಂಡ್ರೂ ನೀ ಬಂದಿ ಅಂತ ಏಳ್ತಿದ್ದೆ. ಆ ಹುಡುಗಿ ಬರದಿದ್ರ ನನಗೇನೂ ಅನಸ್ತಿದ್ದಿಲ್ಲ. ಆಕಿ ನನಗ ಯಾರು?”

“ಬಂದ್ ಮಾಡೇ ಅದನ್ನ,” ಎಂದು ಅಂಜನಾಬಾಯಿ ಹೀರಾಬಾಯಿಯನ್ನು ಗದರಿದಳು.

ಯಾವ ಮಾತು ಕೇಳಲು ಬಂದಿದ್ದಳೋ ಅದೇ ಮಾತು ಸಿಕ್ಕಿತ್ತು. ಆದರೂ ವಿಶಾಖಾಳ ಮೇಲಿನ ಹೊಟ್ಟೆಕಿಚ್ಚು ಆರಲಿಲ್ಲ, ಇಮ್ಮಡಿಯಾಯಿತು. ಬರದಿದ್ದರೂ ಆ ಹುಡುಗಿಯ ಮೇಲೆ ತಪ್ಪು ಬರುತ್ತಿರಲಿಲ್ಲ; ಅವಳ ದಾರಿಯನ್ನು ಇಲ್ಲಿ ಯಾರೂ ಕಾದಿರಲಿಲ್ಲ.