ಅವಳು ತಂದುಕೊಟ್ಟ ಲೆನ್ಸು

ಮಗಳು ಆಲ್ಬಮ್ಮಿನ ಹಾಳೆಗಳನ್ನು ಸರಸರನೆ ಮಗುಚುತ್ತಿದ್ದಳು. ಮಸಣಕ್ಕೆ ಒಯ್ಯುವ ವ್ಯಾನು ಬರುವುದರೊಳಗೆ ಅಪ್ಪನ ತಲೆಯ ಬಳಿ ಇಡಲು ಒಂದು ಫೋಟೊ ಬೇಕಿತ್ತು. ಸಿಕ್ಕಿದ್ದು ನಾಲ್ಕೇ, ಅವೂ ಹಾಲು ಚೆಲ್ಲಿದಂತೆ ಮಸುಕು.

“ಸಿಗಲ್ಲ ಬಿಡೇ,” ಎಂದಳು ತಾಯಿ. “ಮೂವತ್ತು ವರ್ಷ ಊರಿನವರ ಕ್ಯಾಮೆರಾ ಲೆನ್ಸ್ ರಿಪೇರಿ ಮಾಡಿದ್ರು ನಿಮ್ಮಪ್ಪ. ನಮ್ಮನೆ ಫೋಟೊಗೆ ಮಾತ್ರ ಪೊರೆ.”

ಎಲ್ಲರೆದುರೂ ಹೀಗೆ ಕುಟುಕುತ್ತಿದ್ದವಳ ಒಳಗೆ ಬೇರೊಂದು ಮುಳ್ಳಿತ್ತು. ಮನೆಯ ಕ್ಯಾಮೆರಾದ ಲೆನ್ಸನ್ನು ಆಸೆಪಟ್ಟು ಗಂಡನಿಗೆ ತಂದುಕೊಟ್ಟವಳು ಅವಳೇ. ಅಂಗಡಿಯವನು ತನಗೆ ಟೋಪಿ ಹಾಕಿದನೆಂದೂ, ಗಂಡ ಅದನ್ನು ಬಾಯಿಬಿಟ್ಟು ಹೇಳಲಾರದೆ ನುಂಗಿಕೊಂಡನೆಂದೂ ನಂಬಿದ್ದಳು.

ಗೋಡೆಗೊರಗಿದ್ದ ಫೋಟೊ ಸ್ಟುಡಿಯೋದ ಮುದುಕರು ಹತ್ತಿರ ಬಂದು ಕೂತರು. “ತಂಗೀ, ನಿಮ್ಮನೇಲಿರೋ ಲೆನ್ಸು ನಂದು,” ಎಂದರು.

*

ಅವಳು ಲೆನ್ಸು ತಂದುಕೊಟ್ಟ ವರ್ಷವೇ ಮುದುಕರ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಅವಳ ಗಂಡನ ರಿಪೇರಿಯಲ್ಲಿ ಬೂಷ್ಟೇನೋ ಹೋಯಿತು. ದ್ರಾವಣ ತುಸು ಖಾರವಾಗಿ, ಗಾಜಿನ ಮೇಲಿನ ನೇರಳೆ ಹೊಳಪಿನ ಕೋಟಿಂಗೂ ಜೊತೆಗೇ ಹೋಯಿತು. ನೋಡಿದರೆ ಗಾಜು ಥಳಥಳ. ಹಾಗೇ ಕೊಟ್ಟಿದ್ದರೆ ಇವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಆತನೇ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದ. ಎದುರು ಬೆಳಕು ಬಿದ್ದರೆ ಒಳಗೇ ಚದುರಿ ಕಪ್ಪೆಲ್ಲ ಬೂದಿಯಾಗುತ್ತದೆ, ಮದುವೆಮನೆಯ ದೀಪಗಳೆದುರು ಇದು ನಿಮ್ಮ ಮಾನ ಕಳೆಯುತ್ತದೆ ಎಂದ. ಆಮೇಲೆ ಅಂಥದ್ದೇ ತನ್ನ ಲೆನ್ಸನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಹೆಂಡತಿ ಅದನ್ನು ತಂದುಕೊಟ್ಟು ತಿಂಗಳೂ ಆಗಿರಲಿಲ್ಲ.

“ತಪ್ಪು ನನ್ನ ಕೈಯಿಂದ ಆಗಿದ್ದು. ನಮ್ಮನೇಲಿ ಮಾತ್ರ ಹೇಳಬೇಡಿ. ಅವಳು ಕೊಟ್ಟಿದ್ದನ್ನ ಕೊಟ್ಟುಬಿಟ್ಟೆ ಅಂತ ನೊಂದ್ಕೋತಾಳೆ.”

ಮುದುಕರು ಬೇಡವೆಂದರೂ ಆತ ಕೇಳಲಿಲ್ಲ, ಕೆಟ್ಟದ್ದನ್ನು ತಾನಿಟ್ಟುಕೊಂಡ.

*

ಮುದುಕರು ಚೀಲದಿಂದ ಕ್ಯಾಮೆರಾ ತೆಗೆದು, ಅದರ ಲೆನ್ಸು ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. ಊರಿನ ಅರ್ಧ ಮದುವೆಗಳು ಇದರಲ್ಲೇ ಆದವು, ಒಂದು ಫೋಟೊವೂ ಕೈಕೊಡಲಿಲ್ಲ ಎಂದರು.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆಳಗಿನಿಂದ ಒಣಗಿದ್ದ ಕಣ್ಣು ತುಂಬಿತು.

“ನಾನು ತಂದಿದ್ದೇ ಖೋಟಾ ಅಂದ್ಕೊಂಡಿದ್ದೆ ಅಣ್ಣಾ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಇವರಿಗೆ?”

ಹೊರಗೆ ವ್ಯಾನು ಬಂದು ನಿಂತಿತು. ಅವಳು ಲೆನ್ಸನ್ನು ಹಿಂದಕ್ಕೆ ಕೊಟ್ಟು, ಇವರ ಜೊತೆ ನಂದೊಂದು ತೆಗೀರಿ ಎಂದಳು. ಹಿಂದೆ ಕಿಟಕಿಯಿದೆ, ಬೆಳಕು ಎದುರಾಗುತ್ತದೆ ಎಂದು ಮಗಳು ಪರದೆ ಎಳೆಯಹೋದಾಗ ಮುದುಕರು ಬೇಡವೆಂದು ತಲೆಯಾಡಿಸಿದರು.

ಅವಳು ಗಂಡನ ಪಕ್ಕ ಕೂತು, ಬಗ್ಗಿ, ಆತನ ಕಾಲರಿನ ಗುಂಡಿ ಹಾಕಿದಳು. ಹೊರಗೆ ವ್ಯಾನಿನವನು ಎಂಜಿನ್ ಆರಿಸಿದ.