ಒರೆ ಕಳೆದುಕೊಂಡ ಪೀಚೆಕತ್ತಿ

ನಾನು ಒಂದು ಪೀಚೆಕತ್ತಿ. ಕೊಡಗಿನ ಗಂಡಸರು ಮದುವೆ, ಹಬ್ಬಗಳಲ್ಲಿ ಕುಪ್ಯವೆಂಬ ಉದ್ದನೆಯ ಅಂಗಿ ತೊಟ್ಟು, ನಡುವಿಗೆ ಚೇಲೆ ಎಂಬ ಕೆಂಪು ರೇಷ್ಮೆಯ ಪಟ್ಟಿ ಸುತ್ತಿ, ಅದರ ಬಲಬದಿಗೆ ಸಿಕ್ಕಿಸಿಕೊಳ್ಳುವ ಗೇಣುದ್ದದ ಕತ್ತಿ ಇದೆಯಲ್ಲ, ಅದೇ ನಾನು. ಹೀಗಾಗಿ ಲೋಕವನ್ನು ನಾನು ನೋಡಿದ್ದೆಲ್ಲ ಮನುಷ್ಯರ ಸೊಂಟದ ಎತ್ತರದಿಂದ. ಮುಖಕ್ಕಿಂತ ಕೈಗಳನ್ನೇ ಹೆಚ್ಚು ಕಂಡಿದ್ದೇನೆ.

ನನಗಿಂತ ಮೊದಲು ಅದೇ ಕುಲುಮೆಯಲ್ಲಿ ನನ್ನ ಅಣ್ಣನೊಬ್ಬ ಹುಟ್ಟುವಾಗಲೇ ಸತ್ತಿದ್ದ. ಕಾದ ಅಲಗನ್ನು ನೀರಿಗೆ ಅದ್ದಿದಾಗ ಟಿಕ್ ಎಂದು ಸಣ್ಣ ಸದ್ದಾಯಿತು, ಅಷ್ಟೆ. ಕಮ್ಮಾರ ಮುತ್ತಣ್ಣ ಅದನ್ನು ಬೆಳಕಿಗೆ ಹಿಡಿದು, ಕೂದಲೆಳೆಯಂಥ ಬಿರುಕು ನೋಡಿ, ಮೂಲೆಗೆಸೆದ. ಆಮೇಲೆ ಕೆಟ್ಟು ನಿಂತ ಮಿಲಿಟರಿ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯ ಇನ್ನೊಂದು ತುಂಡನ್ನು ಕೆಂಡಕ್ಕೆ ಹಾಕಿದ. ಆ ತುಂಡೇ ನಾನು. ಬಡಿದು, ಕಾಸಿ, ಮತ್ತೆ ಬಡಿದು, ಕೊನೆಗೆ ಇಕ್ಕಳದಲ್ಲಿ ಹಿಡಿದು ನೀರಿನ ಮೇಲೆ ತಂದಾಗ ಅವನ ಉಸಿರು ನಿಂತಿತ್ತು. ಚುಂಯ್ ಎಂದು ಹಬೆ ಎದ್ದಿತು. ಅವನು ಕಿವಿ ಕೊಟ್ಟು ಕಾದ. ಸದ್ದು ಬರಲಿಲ್ಲ.

"ಇದು ಉಳೀತು," ಎಂದು ಮುತ್ತಣ್ಣ ಇಕ್ಕಳವನ್ನು ಕೆಳಗಿಟ್ಟ.

ಅಲಗಿನ ಮೇಲೆ ಅಷ್ಟು ಜೀವ ತೇದವನು ಒರೆಗೆ ಬಂದಾಗ ಕೈ ಬಿಗಿ ಹಿಡಿಯಬೇಕಾಯಿತು. ಮುಂಬದಿಗೆ ಮಾತ್ರ ತೆಳ್ಳನೆಯ ಬೆಳ್ಳಿ ತಗಡು, ಹಿಂಬದಿಗೆ ಹಿತ್ತಾಳೆ, ಹಿಡಿಗೆ ಬೀಟೆ ಮರ, ಒಂದೇ ಒಂದು ಎಳೆ ಸರಪಳಿ. ಮಾಡಿಸಿದವನು ಪೆಮ್ಮಯ್ಯ, ಅರಣ್ಯ ಇಲಾಖೆಯ ಗಾರ್ಡು. "ಬೆನ್ನು ಯಾರು ನೋಡ್ತಾರೆ?" ಎಂದು ನಕ್ಕು ನನ್ನನ್ನು ಚೇಲೆಗೆ ಸಿಕ್ಕಿಸಿಕೊಂಡು ಮದುವೆಯಾದ.

ಪೆಮ್ಮಯ್ಯನ ಜೊತೆ ಇದ್ದಷ್ಟು ಕಾಲ ನನಗೆ ಅಲಂಕಾರದ ಬದುಕು ಎಂದರೇನೆಂದೇ ಗೊತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವನು ನನ್ನಿಂದ ಕಿತ್ತಳೆ ಸುಲಿಯುತ್ತಿದ್ದ. "ನಾಲ್ಕು ಜನ ನೋಡ್ತಾರೆ, ಮರ್ಯಾದೆ ಬೇಡ್ವ ನಿಮಗೆ?" ಎಂದು ಹೆಂಡತಿ ಸೀತವ್ವ ಸಿಡುಕುತ್ತಿದ್ದಳು. ಕಾಡಿಗೆ ಹೋಗುವಾಗಲೂ ನಾನು ಅವನ ಚೀಲದಲ್ಲಿರುತ್ತಿದ್ದೆ. ಅದೆಷ್ಟು ಉರುಳಿನ ತಂತಿಗಳಿಂದ ಜಿಂಕೆಗಳನ್ನು ಬಿಡಿಸಿದೆನೋ ಲೆಕ್ಕವಿಲ್ಲ. ಪ್ರತಿಸಲವೂ ಮನೆಗೆ ಬಂದು ಒಣಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದ.

ಅವನು ತೀರಿಕೊಂಡ ಮೇಲೆ ಸೀತವ್ವ ತಂಗಿಯ ಮನೆ ಸೇರಿದಳು. ಮನೆಯ ಸಾಮಾನುಗಳ ಜೊತೆ ನಾನೂ ಮಡಿಕೇರಿಯ ಒಂದು ಹೋಟೆಲಿನ ಪಾಲಾದೆ. ಅಲ್ಲಿ ನನ್ನನ್ನು ಸ್ವಾಗತ ಕೊಠಡಿಯ ಗೋಡೆಗೆ ತೂಗುಹಾಕಿದರು. ಪ್ರವಾಸಿಗರು ಎಳೆದು ಆಟವಾಡಿ ಕೈ ಕುಯ್ದುಕೊಂಡಾರೆಂದು ಮ್ಯಾನೇಜರು ಒರೆಯ ಬಾಯಿಗೆ ಗೋಂದು ಸುರಿಸಿದ. ಒಳಗೆ ಕತ್ತಲು. ಹೊರಗೆ ಜನ ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗೋಂದು ಒಣಗಿ ಗಟ್ಟಿಯಾದಂತೆ, ನಾನು ಇನ್ನೆಂದಿಗೂ ಹೊರಬರುವುದಿಲ್ಲವೆಂಬ ಭಯ ನನ್ನೊಳಗೆ ಗಟ್ಟಿಯಾಗುತ್ತ ಹೋಯಿತು.

ಹೋಟೆಲು ಕೈ ಬದಲಾದಾಗ ವಿರಾಜಪೇಟೆಯ ಸೀತಾರಾಮ ಆಚಾರಿ ನನ್ನನ್ನು ಕೊಂಡುಹೋದರು. ಅವರದು ಪೀಚೆಕತ್ತಿ, ಚೇಲೆ, ಬೆಳ್ಳಿ ಸರಪಳಿ ಮಾರುವ ಅಂಗಡಿ. ಅವರು ಬಿಸಿನೀರಿನಲ್ಲಿ ನೆನೆಸಿ, ಸೂಜಿಯಿಂದ ಕೆದಕಿ, ಅಂತೂ ನನ್ನನ್ನು ಎಳೆದರು. ಗೋಂದು ಪೂರ್ತಿ ಹೋಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಕತ್ತಿಗಳ ಹಿಂದೆ ನನಗೊಂದು ಜಾಗ ಸಿಕ್ಕಿತು.

ಬೇಸಗೆಯ ಮದುವೆ ಸುಗ್ಗಿಯಲ್ಲಿ ಒಂದು ದಿನ ಮೂವರು ಅಂಗಡಿಗೆ ಬಂದರು. ಮದುಮಗ ಐಯಣ್ಣ, ಅವನ ಅಕ್ಕ ದೇಚಮ್ಮ, ಅವರಿಬ್ಬರ ಸೋದರಮಾವ ನಾಣಯ್ಯ. ತಂದೆಯಿಲ್ಲದ ಆ ಮನೆಗೆ ಮಾವನ ಮಾತೇ ಕೊನೆಯದು. ನಾಣಯ್ಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜದ ದರ್ಜೆ ನಿರ್ಧರಿಸುವ ಕೆಲಸದಲ್ಲಿ ಬದುಕು ಸವೆಸಿದವರು. ಒಂದು ಹಿಡಿ ಬೀಜ ಅಂಗೈಗೆ ಬಂದರೆ ಸಾಕು, ಯಾವ ದರ್ಜೆಯದೆಂದು ಹೇಳಿಬಿಡುತ್ತಿದ್ದರಂತೆ. ಕತ್ತಿಗಳನ್ನೂ ಅವರು ಹಾಗೆಯೇ ನೋಡಿದರು.

"ನೋಡು ಕುಂಞಿ," ಎಂದು ಐಯಣ್ಣನಿಗೆ ಮಗುವಿಗೆ ಹೇಳುವಂತೆ ಹೇಳತೊಡಗಿದರು. "ಮೊದಲು ಭಾರ. ಬೆಳ್ಳಿ ಕೈಯನ್ನ ಕೆಳಗೆ ಎಳೀಬೇಕು. ಆಮೇಲೆ ಸರಪಳಿ. ಕೊಂಡಿ ಸೇರೋ ಕಡೆ ಬೆಸುಗೆ ಇದೆಯಾ, ಬರೀ ಬಗ್ಗಿಸಿ ಬಿಟ್ಟಿದಾರಾ ನೋಡು. ಬಿಟ್ಟಿದ್ರೆ ಎರಡು ಮದುವೆಗೆ ಉದುರಿಹೋಗ್ತದೆ. ಕೆತ್ತನೆ ಉಳಿಯಲ್ಲಿ ಕಡೆದದ್ದಾ, ಅಚ್ಚಲ್ಲಿ ಒತ್ತಿದ್ದಾ? ಅಚ್ಚಿನದಾದ್ರೆ ಎಲ್ಲಾ ಎಲೆನೂ ಒಂದೇ ಥರ ಇರ್ತದೆ. ಕೈಯಲ್ಲಿ ಕಡೆದದ್ದು ಒಂದರ ಹಾಗೆ ಇನ್ನೊಂದು ಇರೋದಿಲ್ಲ. ಕೊನೆಗೆ ಬೆನ್ನು. ಮೋಸ ಯಾವಾಗ್ಲೂ ಬೆನ್ನಲ್ಲೇ ಇರ್ತದೆ."

ಅವರು ಹೇಳಿದ್ದೆಲ್ಲ ಸರಿಯೇ. ಆಚಾರಿಯವರೂ ತಲೆದೂಗಿದರು. ಎಲ್ಲ ಪರೀಕ್ಷೆಯಲ್ಲೂ ಗೆದ್ದ ಒಂದು ಕತ್ತಿ ಅಲ್ಲಿತ್ತು: ಅಪ್ಪಟ ಬೆಳ್ಳಿ, ಹಿಂದೆ ಮುಂದೆ ಬಳ್ಳಿ ಕೆತ್ತನೆ, ಐದೆಳೆ ಸರಪಳಿ. ನಾಣಯ್ಯ ಅದನ್ನು ಕೆಳಗಿಡಲಿಲ್ಲ.

ಅಷ್ಟರಲ್ಲಿ ದೇಚಮ್ಮನ ಕೈ ಹಿಂದಿನ ಸಾಲಿಗೆ ಬಂತು. ಆಕೆ ಕುಶಾಲನಗರದಲ್ಲಿ ನರ್ಸು. ನನ್ನ ತಗಡು, ಸರಪಳಿ ಯಾವುದನ್ನೂ ನೋಡದೆ ನೇರ ಒರೆಯಿಂದ ಎಳೆದಳು. ಗೋಂದಿನ ಜಿಗುಟಿಗೆ ನಾನು ತಡವರಿಸಿ ಹೊರಬಂದೆ. ಅವಳ ಹೆಬ್ಬೆರಳಲ್ಲಿ ಸಣ್ಣಗೆ ರಕ್ತ ಕಾಣಿಸಿತು.

"ಇದು ಕಚ್ತದೆ ಮಾವ."

"ಕಚ್ಚೋದಿಕ್ಕೆ ಇದೇನು ನಾಯಿಯಾ? ತಿರುಗಿಸು. ನೋಡು, ಹಿತ್ತಾಳೆ! ಒಂದೆಳೆ ಸರಪಳಿ ಬೇರೆ. ಇಡು ಅದನ್ನ."

ಐಯಣ್ಣ ಅಕ್ಕನ ಕೈಯಿಂದ ನನ್ನನ್ನು ತೆಗೆದುಕೊಂಡ. ಹಿಡಿಯಲ್ಲಿ ಪೆಮ್ಮಯ್ಯನ ಬೆರಳುಗಳು ಸವೆಸಿದ ತಗ್ಗುಗಳಿದ್ದವು. ಅವನ ಬೆರಳುಗಳು ಅಲ್ಲಿ ತಾವಾಗಿ ಕೂತವು. "ಮಾವ, ನನಗೆ ಇದೇ ಇರಲಿ," ಎಂದ ಮೆಲ್ಲಗೆ.

ನಾಣಯ್ಯನ ಮುಖ ನನಗೆ ಕಾಣಲಿಲ್ಲ, ಮೇಜಿನ ಮೇಲೂರಿದ ಕೈ ಬೆಳ್ಳಗಾದದ್ದು ಕಂಡಿತು. "ಹೆಣ್ಣಿನ ಕಡೆಯವರು ನಿನ್ನ ನಡು ನೋಡ್ತಾರೆ ಐಯಣ್ಣ, ಅಲಗನ್ನಲ್ಲ. ಅಪ್ಪ ಇಲ್ಲದ ಹುಡುಗನಿಗೆ ಮಾವ ಹಿತ್ತಾಳೆ ಕಟ್ಟಿಸಿ ಕರ್ಕೊಂಡು ಬಂದ ಅಂತಾರೆ. ಅದು ನಿಮಗೆ ಬೇಕಾ?"

ಐಯಣ್ಣ ನನ್ನನ್ನು ಕೆಳಗಿಡಲಿಲ್ಲ. ಕೊನೆಗೆ ನಾಣಯ್ಯ ಆ ಐದೆಳೆಯ ಬೆಳ್ಳಿ ಕತ್ತಿಯನ್ನು ತಮಗೇ ಕಟ್ಟಿಸಿಕೊಂಡು, ಅಂಗಡಿಯಿಂದ ಮೊದಲು ಇಳಿದುಹೋದರು. ಮದುವೆಯ ದಿನದವರೆಗೂ ಅವರು ಐಯಣ್ಣನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲವಂತೆ.

ಮದುವೆಯ ಮುಂಜಾನೆ ಐಯಣ್ಣ ಬಿಳಿಯ ಕುಪ್ಯ, ಮದುಮಗನ ಮುಂಡಾಸು ತೊಟ್ಟ. ನನ್ನನ್ನು ಚೇಲೆಗೆ ಸಿಕ್ಕಿಸಿಕೊಂಡ. ನೆಂಟರ ವ್ಯಾನು ಮುಂದೆ ಹೋಯಿತು. ಹಿಂದಿನ ಕಾರನ್ನು ದೇಚಮ್ಮ ನಡೆಸುತ್ತಿದ್ದಳು. ಅವಳ ಪಕ್ಕ ನಾಣಯ್ಯ, ಹಿಂದಿನ ಸೀಟಿನಲ್ಲಿ ಐಯಣ್ಣ ಮತ್ತು ನಾನು. ಬಾಳೆ ಕಡಿಯುವ ಶಾಸ್ತ್ರಕ್ಕೆಂದು ತಂದ ದೊಡ್ಡ ಒಡಿಕತ್ತಿ ಡಿಕ್ಕಿಯಲ್ಲಿತ್ತು. ಹಿಂದಿನ ದಿನದಿಂದ ಸುರಿದ ಮೇ ತಿಂಗಳ ಮಳೆಗೆ ತೋಡುಗಳೆಲ್ಲ ಕೆಂಪಾಗಿ ಉಕ್ಕಿದ್ದವು.

"ಆ ಹಿತ್ತಾಳೆಯ ಬೆನ್ನು ಒಳಗೆ ಮಾಡಿ ಸಿಕ್ಕಿಸಿದೀಯ ತಾನೆ?" ಎಂದು ನಾಣಯ್ಯ ಹಿಂದೆ ತಿರುಗದೆ ಕೇಳಿದರು.

"ಮಾವ, ಇವತ್ತೊಂದು ದಿನ ಬಿಡಿ," ಎಂದಳು ದೇಚಮ್ಮ.

ಅವಳ ಮಾತು ಮುಗಿಯುವಷ್ಟರಲ್ಲಿ ತಿರುವಿನಲ್ಲಿ ಮೋರಿಯ ಅಂಚಿನ ಮಣ್ಣು ಕುಸಿಯಿತು. ಕಾರು ಎಡಕ್ಕೆ ವಾಲಿ, ಜಾರಿ, ತೋಡಿಗೆ ಬಿದ್ದು ಬಂಡೆಗೊರಗಿ ನಿಂತಿತು. ನಾಣಯ್ಯನ ಬದಿ ಕೆಳಗೆ. ಅತ್ತಲಿನ ಒಡೆದ ಕಿಟಕಿಯಿಂದ ಕೆಸರುನೀರು ಒಳಗೆ ನುಗ್ಗಿತು.

ದೇಚಮ್ಮ ತನ್ನ ಸೀಟ್ ಬೆಲ್ಟು ಬಿಚ್ಚಿಕೊಂಡು ಮಾವನ ಕಡೆ ಬಾಗಿದಳು. ಅವರ ಬೆಲ್ಟು ಬಿಚ್ಚಿಕೊಳ್ಳಲಿಲ್ಲ. ಬೆಲ್ಟಿನ ಗುಂಡಿ ಇದ್ದದ್ದು ಅವರ ಬಲ ಸೊಂಟದ ಹತ್ತಿರ. ಅಲ್ಲೇ ಪೀಚೆಕತ್ತಿ. ಅದರ ಐದೆಳೆ ಸರಪಳಿ ಗುಂಡಿಯ ಸಂದಿಗೆ ಹೊಕ್ಕು ಸುತ್ತಿಕೊಂಡಿತ್ತು. ಬೆಸುಗೆ ಹಾಕಿದ ಗಟ್ಟಿ ಕೊಂಡಿಗಳು, ಒಂದೂ ಕಳಚಲಿಲ್ಲ. ನೀರು ಅವರ ಎದೆಗೇರಿತು.

"ಹಿಂದಿನ ಒಡಿಕತ್ತಿ!" ಎಂದು ದೇಚಮ್ಮ ಕೂಗಿದಳು.

"ಡಿಕ್ಕಿ ನೀರಲ್ಲಿದೆ ಅಕ್ಕ!"

ಅವಳು ಮಾವನ ಕತ್ತಿಯನ್ನೇ ಒರೆಯಿಂದ ಎಳೆದು ಬೆಲ್ಟಿನ ಮೇಲೆ ಒತ್ತಿ ಉಜ್ಜಿದಳು. ಆ ಅಲಗು ಸಿಗರೇಟು ಡಬ್ಬಿಯ ತಗಡಿನಂತೆ ಮಡಚಿಕೊಂಡಿತು. ಅವಳು ಅದನ್ನು ನೋಡಿದಳು. ನಾಣಯ್ಯನೂ ನೋಡಿದರು.

"ನೀವಿಬ್ಬರೂ ಹೊರಗೆ ಹೋಗಿ," ಎಂದರು ನಾಣಯ್ಯ. ಗಲ್ಲ ಮೇಲೆತ್ತಿ ಹಿಡಿದಿದ್ದರು. "ಕೇಳ್ತಾ ಇಲ್ವ? ಮುಹೂರ್ತ ಇದೆ. ಹೋಗಿ!"

"ಐಯಣ್ಣ, ನಿಂದು!"

ಅವನು ನನ್ನನ್ನು ಎಳೆದ. ನಾನು ಬರಲಿಲ್ಲ. ತೇವಕ್ಕೆ ಹಳೆಯ ಗೋಂದು ಮತ್ತೆ ಹಿಡಿದಿತ್ತು. ಹೋಟೆಲಿನ ಆ ಕತ್ತಲೆಲ್ಲ ಒಮ್ಮೆಗೇ ನನ್ನನ್ನು ಕವಿಯಿತು. ಅವನು ಒರೆಯನ್ನು ಮೊಣಕಾಲ ಮಧ್ಯೆ ಇಟ್ಟು, ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಎಳೆದ. ಒರೆ ಸೀಳಿತು. ನಾನು ಹೊರಬಂದೆ. ತಗಡು, ಸರಪಳಿ, ಹಿತ್ತಾಳೆ ಎಲ್ಲ ಕಿಟಕಿಯಾಚೆ ಕೆಂಪು ನೀರಿನಲ್ಲಿ ಹೋದವು.

ಸೀಟುಗಳ ನಡುವಿನಿಂದ ಕೈ ಚಾಚಿ ಐಯಣ್ಣ ಕುಯ್ಯತೊಡಗಿದ. ಒದ್ದೆ ಬೆಲ್ಟು ಜಾರುತ್ತದೆ, ಮೊದಲ ಎಳೆತಕ್ಕೆ ಸಿಕ್ಕುವುದಿಲ್ಲ. ಎರಡನೆಯದಕ್ಕೆ ನಾನು ಕಚ್ಚಿದೆ. ಅಂಚಿನ ಎಳೆಗಳು ಒಂದೊಂದಾಗಿ ಬಿಟ್ಟವು. ನೀರು ನಾಣಯ್ಯನ ತುಟಿಗೆ ಬಂದಿತ್ತು. ದೇಚಮ್ಮ ಅವರ ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು, "ಮೂಗಲ್ಲಿ ಉಸಿರೆಳೀರಿ ಮಾವ, ಮೂಗಲ್ಲಿ," ಎನ್ನುತ್ತಿದ್ದಳು. ಬೆಲ್ಟು ಹರಿದ ರಭಸಕ್ಕೆ ನಾನು ಅವರ ಭುಜಕ್ಕೂ ಇಳಿದೆ. ಅಲ್ಲಿಂದ ಜಾರಿ ಬಾಗಿಲ ಕಬ್ಬಿಣಕ್ಕೆ ಬಡಿದು ನನ್ನ ತುದಿ ಮುರಿಯಿತು. ಇಬ್ಬರೂ ಸೇರಿ ಅವರನ್ನು ಮೇಲಿನ ಕಿಟಕಿಯಿಂದ ಹೊರಗೆಳೆದರು. ಕಾರು ಕಾಣದೆ ವ್ಯಾನಿನವರು ತಿರುಗಿ ಬಂದಿದ್ದರು. ಅವರು ಹಗ್ಗ ಎಸೆದರು.

ಮಂಟಪಕ್ಕೆ ಬಂದ ಮದುಮಗನ ಬಿಳಿಯ ಕುಪ್ಯ ಕೆಮ್ಮಣ್ಣಿನ ಬಣ್ಣದ್ದಾಗಿತ್ತು. ಚೇಲೆಯಲ್ಲಿ ಅಕ್ಕನ ಕರವಸ್ತ್ರ ಸುತ್ತಿದ ಮೊಂಡು ಕತ್ತಿ. ಜನ ನಡುವನ್ನೇ ನೋಡಿದರು. ನಾಣಯ್ಯ ಹೇಳಿದ್ದು ಸುಳ್ಳಾಗಲಿಲ್ಲ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಪಾಪ, ಒಳ್ಳೆಯ ಮನಸ್ಸಿನಿಂದಲೇ ತಮ್ಮ ಕತ್ತಿ ಬಿಚ್ಚಿ ಮುಂದೆ ಹಿಡಿದರು. "ಶಾಸ್ತ್ರ ಮುಗಿಯೋವರೆಗೆ ಇದನ್ನ ಇಟ್ಕೊಳ್ಳಿ. ಬೆಳ್ಳಿಯದು."

ಭುಜಕ್ಕೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ನಾಣಯ್ಯ ಎದ್ದರು. ಆಸ್ಪತ್ರೆಗೆ ಬನ್ನಿ ಎಂದರೂ ಬಂದಿರಲಿಲ್ಲ. "ಬೇಡ," ಎಂದರು. "ಅವನದೇ ಇರಲಿ. ನಮ್ಮ ಕಡೆಯದು ಅದು."

ಆ ಹಿರಿಯರು ತಮ್ಮ ಕತ್ತಿಯನ್ನು ಮರಳಿ ಸಿಕ್ಕಿಸಿಕೊಂಡರು.

ಆಮೇಲೆ ಅವರು ನನ್ನ ಬಗ್ಗೆಯಾಗಲಿ, ಅಂಗಡಿಯಲ್ಲಿ ಆಡಿದ್ದರ ಬಗ್ಗೆಯಾಗಲಿ ಬಾಯಿಬಿಟ್ಟು ಒಂದು ಮಾತೂ ಹೇಳಲಿಲ್ಲ. ನನಗೆ ಹೊಸ ಬೆಳ್ಳಿ ಒರೆ ಮಾಡಿಸಬೇಕೆಂದು ದೇಚಮ್ಮ ಹೊರಟಾಗ ಮಾತ್ರ, "ತಡಿ, ಅವಸರ ಎಂತಕೆ?" ಎಂದರು. ಮಳೆಗಾಲವಿಡೀ ತಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಹಲಸಿನ ತುಂಡನ್ನು ಕೆತ್ತಿದರು. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ ಅದನ್ನು ತಂದು ನನ್ನನ್ನು ಒಳಗಿಟ್ಟರು. ಮರಗೆಲಸ ಅವರ ಕೈಗೆ ಬರುವಂಥದ್ದಲ್ಲ. ಒರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬಾಯಿ ಎಷ್ಟು ಸಡಿಲವೆಂದರೆ ಅಲ್ಲಾಡಿಸಿದರೆ ನಾನು ಒಳಗೆ ಗಡಗಡ ಸದ್ದು ಮಾಡುತ್ತೇನೆ.

"ಇಷ್ಟು ಸಡಿಲ ಬೇಕಿತ್ತ ಮಾವ?" ಎಂದು ಐಯಣ್ಣ ನಕ್ಕ.

"ಎಳೆದ ಕೂಡಲೆ ಬರಬೇಕು," ಎಂದರು ನಾಣಯ್ಯ. ನಗಲಿಲ್ಲ.

ಈಗ ಅವರಿಲ್ಲ. ಐಯಣ್ಣನ ತಲೆ ನರೆತಿದೆ. ನಾನು ಅವನ ಮನೆಯ ಗೂಡಿನಲ್ಲಿ, ಮಡಚಿಕೊಂಡ ಆ ಬೆಳ್ಳಿ ಕತ್ತಿಯ ಪಕ್ಕದಲ್ಲಿದ್ದೇನೆ. ಅದನ್ನು ಎಸೆಯಲೂ ಯಾರಿಗೂ ಮನಸ್ಸು ಬಂದಿಲ್ಲ. ಹೋದ ವರ್ಷ ಹಳೆಯ ಸಾಮಾನು ಸಂಗ್ರಹಿಸುವವರೊಬ್ಬರು ಬಂದು ನಮ್ಮಿಬ್ಬರನ್ನೂ ಕೈಗೆತ್ತಿಕೊಂಡರು. "ಬೆಳ್ಳಿಯದಕ್ಕೆ ಒಳ್ಳೆ ಬೆಲೆ ಬರುತ್ತೆ. ಇದಕ್ಕೆ ತುದಿಯಿಲ್ಲ, ಮೂಲದ ಒರೆ ಇಲ್ಲ, ಏನೂ ಬರೋದಿಲ್ಲ," ಎಂದರು. ಅವರ ಲೆಕ್ಕ ತಪ್ಪಲ್ಲ. ಬೆಲೆ ಕಟ್ಟುವವರು ಎದುರಿಗಿರುವುದನ್ನು ನೋಡಿಯೇ ಹೇಳಬೇಕು. ಒಂದು ವಸ್ತು ಯಾರ ಕೈಯಲ್ಲಿ ಏನಾಗಿತ್ತೆಂಬುದು ತಕ್ಕಡಿಗೆ ಬರುವುದಿಲ್ಲ.

ಸಡಿಲ ಒರೆ ಅಲಗಿಗೆ ಒಳ್ಳೆಯದಲ್ಲ. ಮಳೆಗಾಲದ ತೇವ ಸಲೀಸಾಗಿ ಒಳಗೆ ಬರುತ್ತದೆ, ತುಕ್ಕು ಹಿಡಿಯುತ್ತದೆ. ಬಿಗಿಯಾದ ಒಳ್ಳೆಯ ಒರೆ ಮಾಡಿಸಿದರೆ ನಾನು ಇನ್ನೂ ಬಹಳ ಕಾಲ ಬಾಳಿಯೇನು. ಇದು ಐಯಣ್ಣನಿಗೂ ಗೊತ್ತು. ಆದರೂ ಪ್ರತಿ ಹಬ್ಬದ ದಿನ ತುಕ್ಕನ್ನು ತಾನೇ ಉಜ್ಜಿ ತೆಗೆದು, ಎಣ್ಣೆ ಸವರಿ, ಆ ಹಲಸಿನ ಒರೆಯೊಳಗೇ ನನ್ನನ್ನು ಮತ್ತೆ ಇಡುತ್ತಾನೆ. ಉಜ್ಜಿದಷ್ಟೂ ನಾನು ತೆಳ್ಳಗಾಗುತ್ತಿದ್ದೇನೆ. ಒಂದು ದಿನ ಏನೂ ಉಳಿಯುವುದಿಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ.